ಬೆನ್ನ ಹಿಂದೆ ಎಸೆದ ಚೌಕಟ್ಟು

ಬಿದಿರಿನ ಒಂದು ಚೌಕಟ್ಟಿನ ಎದುರು ಮಹಾ ಮಾಂತ್ರಿಕನೊಬ್ಬ ಸೋತ. ಯಾರೂ ಹೊಡೆಯಲಿಲ್ಲ, ಕಟ್ಟಿಹಾಕಲಿಲ್ಲ. ಹೇಗೆ ಸೋತಿರಬಹುದು, ಹೇಳಿ ನೋಡೋಣ. ಹೊಳೆಯಲಿಲ್ಲವೇ? ಹಾಗಾದರೆ ಕೇಳಿ.

ಬಹಳ ಹಿಂದೆ ಹೂಬಯಲು ಅಂತ ಒಂದು ರಾಜ್ಯ. ಊರಿಗಿಂತ ಹುಲ್ಲುಗಾವಲೇ ದೊಡ್ಡದು. ನೂರು ಬಗೆ ಹುಲ್ಲು, ನೂರು ಬಗೆ ಹೂವು. ಅಲ್ಲಿಗೆ ಹಸುರುಗಣ್ಣನೆಂಬ ಮಾಂತ್ರಿಕ ಬಂದು ಬಯಲೆಲ್ಲ ತನ್ನ ಒಂದೇ ಹುಲ್ಲು ಹಬ್ಬಿಸಿದ. ರಾಜನಿಗೋ ಖುಷಿ: "ಆಹಾ, ಜಮಖಾನ ಹಾಸಿದ ಹಾಗಿದೆ." ಅಡ್ಡ ಬಂದ ತೇಜಪ್ಪನೆಂಬ ಊರಿನ ಯುವಕನನ್ನು ಮಾಂತ್ರಿಕ ಚಿಗರೆ ಮಾಡಿಬಿಟ್ಟ.

ತೇಜಪ್ಪನ ತಂಗಿ ಇರುವಂತಿ ವಿದ್ಯಾಪೀಠದಲ್ಲಿ ಗಿಡಗಳ ಪಾಠ ಕಲಿಯುತ್ತಿದ್ದವಳು. ನೆಲದ ಮೇಲಿಟ್ಟು ಒಳಗಿನ ಗಿಡಗಳನ್ನು ಎಣಿಸುವ ಬಿದಿರಿನ ಚೌಕಟ್ಟು ಹಿಡಿದು ಬಯಲಿಗೆ ಬಂದಳು. ಅಣ್ಣನಿಗೆ ದಿನದಿನಕ್ಕೆ ಮಾತು ಮರೆಯುತ್ತಿತ್ತು. ನಿಂತಲ್ಲಿ ನಿಲ್ಲದೆ ಒಂದೇ ಜಾಗದಲ್ಲಿ ಸುತ್ತು ಹಾಕುತ್ತ ಗೊರಸಿನಿಂದ ನೆಲ ಕೆದರುತ್ತಿದ್ದ. ಅವಳಿಗೂ ಕೂತಲ್ಲಿ ಕೂರಲಾಗದು.

"ಬಿಡು ನನ್ನ ಅಣ್ಣನನ್ನು," ಎಂದಳು.

"ನಿನ್ನ ಚೌಕಟ್ಟಿನೊಳಗೆ ನಾಲ್ಕು ಬಗೆ ಗಿಡ ತೋರಿಸು," ಎಂದ ಮಾಂತ್ರಿಕ. "ಅವನೂ ನಿನ್ನವನು, ಬಯಲೂ ನಿನ್ನದು. ಮೂರು ಸಲ ನೋಡು. ಸೋತರೆ ನೀನೂ ಚಿಗರೆ."

ದೂರದ ದಿಬ್ಬದ ಮೇಲೆ ಅಳಿದುಳಿದ ಹೂವು ಕಂಡಿತು. ಓಡಿಹೋಗಿ ಚೌಕಟ್ಟು ಇಟ್ಟಳು. ಇಟ್ಟದ್ದೇ ತಡ, ಎಲ್ಲ ಅದೇ ಹುಲ್ಲಾಯಿತು. ತೊರೆಯ ದಂಡೆಗೆ ಓಡಿದಳು. ಅಲ್ಲೂ ಹಾಗೇ.

"ನಿನ್ನ ಕಣ್ಣು ಆರಿಸಿದ ಕಡೆಗೆ ನನ್ನ ಮಂತ್ರ ಮೊದಲೇ ಓಡುತ್ತದೆ, ತಾಯಿ," ಎಂದು ಅವನು ನಕ್ಕ.

ಚಿಗರೆ ತಡವರಿಸಿತು: "ತಂಗೀ... ಗುರುಗಳು... ಬೆನ್ನು..." ಆಮೇಲೆ ಅದರ ಬಾಯಿಂದ ಮಾತೇ ಹೊರಡಲಿಲ್ಲ.

ಇರುವಂತಿ ಹಣೆ ಚಚ್ಚಿಕೊಂಡಳು. ಮೊದಲ ಪಾಠವೇ ಅದಲ್ಲವೇ, ಅಣ್ಣನಿಗೂ ತಾನೇ ಹೇಳಿದ್ದಲ್ಲವೇ? 'ಚೆಂದ ಕಂಡಲ್ಲಿ ಇಡಬೇಡ; ಕಣ್ಣು ಮುಚ್ಚಿ ಬೆನ್ನ ಹಿಂದೆ ಎಸೆ, ಬಿದ್ದಲ್ಲಿ ನೋಡು.' ಅವಸರದಲ್ಲಿ ಮರೆತೇ ಹೋಗಿತ್ತು.

ಕಣ್ಣು ಮುಚ್ಚಿದಳು. ಎಸೆದಳು. ಎಲ್ಲಿಗೆಂದು ಅವಳಿಗೇ ಗೊತ್ತಿಲ್ಲ. ಇನ್ನು ಮಂತ್ರ ಎಲ್ಲಿಗೆ ಓಡಬೇಕು? ಚೌಕಟ್ಟು ಅಣ್ಣನ ಕೊಂಬಿಗೆ ತಗುಲಿ, ಅವನು ಕೆದರಿದ್ದ ನೆಲಕ್ಕೆ ಜಾರಿತು. ಹುಲ್ಲು ಕಿತ್ತುಹೋಗಿ ಬಿಸಿಲು ಬಿದ್ದ ಆ ಮಣ್ಣಿನಲ್ಲಿ ಹಳೆಯ ಬೀಜಗಳು ಮೊಳೆತು ಎದ್ದಿದ್ದವು.

"ಗರಿಕೆ. ತುಂಬೆ. ನೆಗ್ಗಿಲು." ಬೆರಳಿನಿಂದ ಸರಿಸಿ ನೋಡಿದಳು. ಎಲೆಯೊಂದರ ಮರೆಯಲ್ಲಿ ನೀಲಿ ಚುಕ್ಕೆ. "ವಿಷ್ಣುಕ್ರಾಂತಿ."

ನಾಲ್ಕಾಯಿತು; ಮಂತ್ರ ಮುರಿದು ಹಸುರುಗಣ್ಣ ಒಣಗಿ ಒಂದು ಹುಲ್ಲುಕಡ್ಡಿಯಾದ. ಚಿಗರೆ ಅದನ್ನು ತಿಂದು, ತೇಜಪ್ಪನಾಗಿ ಎದ್ದು ನಿಂತು, "ಥೂ, ಕಹಿ," ಎಂದ. "ಓದಿದವಳು, ಎರಡು ಸಲ ತಪ್ಪಿದೆಯಲ್ಲೇ."

"ನೀನು ಸುಮ್ಮನೆ ನಿಂತಿದ್ದರೆ ಮೂರನೆಯದೂ ಸೋಲುತ್ತಿದ್ದೆ, ಅಣ್ಣ."

ಅವನು ಕೆದರಿದಂತೆಯೇ ಊರವರೆಲ್ಲ ಬಯಲು ಕೆದರಿದರು. ಮಣ್ಣಡಿ ಮಲಗಿದ್ದ ನೂರು ಬಗೆಯೂ ಎದ್ದವು. ರಾಜನೂ ಜಮಖಾನದ ಮಾತು ಬಿಟ್ಟು ಹಾರೆ ಹಿಡಿದ. ಎಲ್ಲರೂ ಸುಖವಾಗಿ ಬಾಳಿದರು. ಚೌಕಟ್ಟು ಕೊಂಬಿಗೆ ತಗುಲಿದ್ದು ಯಾವತ್ತು ಅಂದಿರಾ? ಕಾರ್ತೀಕ ಶುದ್ಧ ತದಿಗೆ, ಬುಧವಾರ.