ಸಪ್ಪೆರಾಯನ ಎಲೆಗೆ ಬಡಿಸಿದ ಸಿಹಿ

ಬಹಳ ಹಿಂದೆ, ಸೂರ್ಯ ದಿನಾ ಕಡಲಲ್ಲಿ ಮುಳುಗು ಹಾಕಿ ದಂಡೆಯ ಮೇಲೆ ಕೂತು ತಲೆ ಒರೆಸಿಕೊಳ್ಳುತ್ತಿದ್ದ ಕಾಲದಲ್ಲಿ, ಶಂಖಾವತಿ ಎಂಬ ರಾಜ್ಯವಿತ್ತು. ಅಲ್ಲಿನ ರಾಜನಿಗೆ ಆನೆ ಕುದುರೆಗಳ ಹುಚ್ಚಿರಲಿಲ್ಲ, ಯುದ್ಧದ ಹುಚ್ಚೂ ಇರಲಿಲ್ಲ. ಇದ್ದದ್ದು ಊಟದ ಹುಚ್ಚೊಂದೇ. ಪ್ರಜೆಗಳೇನು ಕಡಿಮೆಯೇ? ಮಧ್ಯಾಹ್ನವಾಯಿತೆಂದರೆ ಸಾಕು, ಒಂದೊಂದು ಮನೆಯ ಹೊಗೆಗೂ ಒಂದೊಂದು ಪರಿಮಳ. ದಾರಿಯಲ್ಲಿ ಹೋಗುವವರು ಮೂಗು ಎಳೆದ ಕಡೆಗೆ ನಡೆದು ಯಾರದೋ ಮನೆಯ ಜಗಲಿಯಲ್ಲಿ ಎಲೆ ಹಾಕಿಸಿಕೊಂಡು ಕೂತುಬಿಡುತ್ತಿದ್ದರು.

ಆ ಊರಿನ ಬಂದರಿನ ಬದಿಯಲ್ಲಿ ಇಬ್ಬರು ಅಕ್ಕತಂಗಿಯರಿದ್ದರು. ಅಕ್ಕ ಪೊನ್ನಕ್ಕ, ತಂಗಿ ಕುಂಜಿ. ತಾಯಿತಂದೆ ಇಲ್ಲದ ಮನೆಯಲ್ಲಿ ತಂಗಿಗೆ ಅಡುಗೆ ಕಲಿಸಿದವಳು ಅಕ್ಕನೇ. ಮೀನಿನ ಅಡುಗೆಯಲ್ಲಿ ಇಬ್ಬರೂ ಒಂದೇ ಕೈ. ಜಗಳವೆಲ್ಲ ಕೆಂಡದ ಕಡುಬಿನದು. ಬಲಿತ ಸೌತೆಕಾಯಿಯ ತುರಿ, ಅಕ್ಕಿತರಿ, ಬೆಲ್ಲ, ತೆಂಗಿನತುರಿ ಕಲಸಿ, ಅರಸಿನ ಎಲೆ ಹಾಸಿದ ದಪ್ಪ ತಳದ ಪಾತ್ರೆಗೆ ಸುರಿದು, ಅಡಿಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುವ ಸಿಹಿ ಅದು. ಕಲಸುವಾಗ ಪೊನ್ನಕ್ಕ ಒಂದು ಚಿಟಿಕೆ ಕಲ್ಲುಪ್ಪು ಹಾಕಿಯೇ ಹಾಕುವಳು.

"ಸಿಹಿಗೆ ಯಾರಾದರೂ ಉಪ್ಪು ಹಾಕ್ತಾರಾ ಅಕ್ಕ? ನಿನಗೆ ತಲೆ ಸರಿ ಉಂಟಾ?" ಎಂದು ಕುಂಜಿ ರೇಗುವಳು.

"ಬೆಲ್ಲದ ರುಚಿ ಎದ್ದು ಬರುವುದೇ ಅದರಿಂದ ಮಾರಾಯ್ತಿ. ಸುಮ್ಮನೆ ತಿನ್ನು," ಎಂದು ಅಕ್ಕ ನಗುವಳು.

ಹೀಗಿರುವಾಗ ಶಂಖಾವತಿಯ ಕಡಲಿಗೆ ಮಂಜು ಕವಿಯಿತು. ಅಂತಿಂಥ ಮಂಜಲ್ಲ. ಒಳಗೆ ಹೋದ ದೋಣಿ ಹೊರಗೆ ಬರಲಿಲ್ಲ. ಧೂಮಕೇಶಿ ಎಂಬ ಮಾಂತ್ರಿಕ ಕಡಲ ನಡುವೆ ಅರಮನೆ ಕಟ್ಟಿಕೊಂಡು ಕೂತಿದ್ದ. ಅವನ ನಾಲಗೆಗೆ ಯಾವ ರುಚಿಯೂ ಸರಿಯಾಗಿ ಹತ್ತುತ್ತಿರಲಿಲ್ಲ. ಹತ್ತೀತು ಹೇಗೆ? ಅವನು ಉಪ್ಪು ಮುಟ್ಟುವವನೇ ಅಲ್ಲ! ಯಾರ ಮನೆಯ ಉಪ್ಪು ತಿಂದನೋ ಆ ಮನೆಯವರಿಗೆ ಕೇಡು ಮಾಡಿದರೆ ಅವನ ಮಂತ್ರ ತಿರುಗಿ ಅವನ ಮೇಲೇ ಬೀಳುತ್ತಿತ್ತು. ಕೇಡು ಮಾಡುವುದೇ ಕಸುಬಾದವನಿಗೆ ಉಪ್ಪಿನ ಋಣ ಕಟ್ಟಿಕೊಂಡರೆ ಹೊಟ್ಟೆಪಾಡು ನಡೆಯುತ್ತದೆಯೇ? ಕಡಲ ಮೀನಿನಲ್ಲೇ ಉಪ್ಪಿರುತ್ತದಲ್ಲ ಅಂತ ನೀವು ಕೇಳಬಹುದು. ಅದು ಕಡಲಿನ ಉಪ್ಪು, ಯಾರ ಮನೆಯದೂ ಅಲ್ಲ. ಊರ ಜನ ಅವನಿಗೆ ಬೆನ್ನ ಹಿಂದೆ ಸಪ್ಪೆರಾಯ ಎಂದು ಹೆಸರಿಟ್ಟಿದ್ದರು.

ಸಪ್ಪೆರಾಯ ಒಂದು ಕಡಲಹಕ್ಕಿಯ ಬಾಯಲ್ಲಿ ಹೇಳಿಕಳಿಸಿದ: "ಒಬ್ಬರು ಅಡುಗೆಯವರನ್ನು ಕಳಿಸಿ. ಮೂರು ಊಟ ಬಡಿಸಬೇಕು, ಉಪ್ಪು ಹಾಕಬಾರದು. ಮೂರು ಸಲವೂ ನಾನು ಇನ್ನಷ್ಟು ಬಡಿಸು ಎಂದರೆ ಕೇಳಿದ್ದನ್ನು ಕೊಡುತ್ತೇನೆ. ಅನ್ನದಿದ್ದರೆ ಬಂದವರು ಮೀನಾಗಿ ನನ್ನ ಗೋಡೆ ಸೇರಬೇಕು."

ರಾಜ ಹೆದರಿ ಮಂಚದ ಮೇಲೆ ಮಗ್ಗುಲಾದ. ಅರಮನೆಯ ಬಾಣಸಿಗರು ಒಬ್ಬೊಬ್ಬರಾಗಿ ಹೋದರು, ಬರಲಿಲ್ಲ. ಕೊನೆಗೆ ಪೊನ್ನಕ್ಕ ಹೊರಟಳು. ಹೊರಡುವ ಬೆಳಿಗ್ಗೆ ತಂಗಿಗೆಂದು ಕೆಂಡದ ಕಡುಬು ಮಾಡಿಟ್ಟಿದ್ದಳು. ಅಕ್ಕ ಹೋಗುತ್ತಾಳೆಂಬ ಸಿಟ್ಟಿಗೆ ಕುಂಜಿ, "ನಿನ್ನ ಉಪ್ಪು ಹಾಕಿದ ಕಡುಬು ನನಗೆ ಬೇಡ," ಎಂದು ಮುಖ ತಿರುಗಿಸಿ ಕೂತಳು. ಪೊನ್ನಕ್ಕ ತಂಗಿಯ ತಲೆ ಸವರಿ ಹೋದಳು. ಅವಳೂ ಬರಲಿಲ್ಲ.

ಕುಂಜಿ ಎಷ್ಟೋ ದಿನ ಅತ್ತಳು. ಆಮೇಲೆ ಕಣ್ಣು ಒರೆಸಿಕೊಂಡು ಎದ್ದಳು. ಒಂದು ಬುಟ್ಟಿಯಲ್ಲಿ ಬಲಿತ ಸೌತೆಕಾಯಿ, ಬೆಲ್ಲ, ತೆಂಗಿನಕಾಯಿ, ಮಾವಿನಕಾಯಿ, ಅಕ್ಕಿ, ಬಾಳೆಲೆ, ಅರಸಿನ ಎಲೆ, ಮಸಾಲೆ ಸಾಮಾನು ತುಂಬಿ, ತನ್ನ ಗಂಜಿಗೆಂದು ನಾಲ್ಕು ಹರಳು ಕಲ್ಲುಪ್ಪನ್ನು ಸೆರಗಿನ ತುದಿಗೆ ಕಟ್ಟಿಕೊಂಡು ದೋಣಿ ಹತ್ತಿದಳು. ಹುಟ್ಟು ಹಾಕುವ ಮೊದಲೇ ದೋಣಿ ತಾನಾಗಿ ಹೊರಟಿತು. ಮಂಜಿನೊಳಗೆ ನೀರಿನ ಸದ್ದೂ ಇರಲಿಲ್ಲ. ಬಾನು ಯಾವುದು, ಕಡಲು ಯಾವುದು ತಿಳಿಯದೆ ಅವಳು ತೂಕಡಿಸಿದಳು. ಕಣ್ಣು ಬಿಟ್ಟಾಗ ಅರಮನೆಯೊಳಗೇ ಇದ್ದಳು.

ಆ ಅರಮನೆಯ ಗೋಡೆಗಳು ನೀರಿನವು. ನೀರು ನೆಟ್ಟಗೆ ನಿಂತಿತ್ತು, ಚೆಲ್ಲುತ್ತಿರಲಿಲ್ಲ. ಅದರೊಳಗೆ ಬಣ್ಣಬಣ್ಣದ ಮೀನುಗಳು ಮೆಲ್ಲಗೆ ತೇಲುತ್ತಿದ್ದವು, ಬಿಸಿಲು ಹಸಿರಾಗಿ ಇಳಿದು ನೆಲದ ಮೇಲೆ ಆಡುತ್ತಿತ್ತು. ಅಷ್ಟು ಚಂದದ ಮನೆಯಲ್ಲಿ ಒಲೆಯೊಂದು ಇರಲಿಲ್ಲ. ಕುಂಜಿ ಮೂರು ಕಲ್ಲು ಹುಡುಕಿ ಒಲೆ ಹೂಡಿದಳು.

ಸಪ್ಪೆರಾಯ ಬಂದ. ಉದ್ದನೆಯ ಆಸಾಮಿ, ಹೊಗೆಯಂಥ ಗಡ್ಡ, ಕೈಯಲ್ಲಿ ಮಂತ್ರದಂಡ. ಅವನ ಕಾಲ ಬಳಿ ಒಂದು ನೀರುನಾಯಿ. "ಇದು ಪ್ರತಿ ಪಾತ್ರೆಯನ್ನೂ ಮೊದಲು ನೆಕ್ಕುತ್ತದೆ," ಎಂದ. "ಉಪ್ಪು ಸಿಕ್ಕಿತೋ, ಬಾಲ ಬಡಿಯುತ್ತದೆ. ಬಾಲ ಬಡಿದರೆ ನೀನು ಮೀನು. ನಿನ್ನ ಗಂಜಿಗೆ ಏನಾದರೂ ಸುರಿದುಕೋ. ನನ್ನ ಪಾತ್ರೆಗೆ ಒಂದು ಹರಳು ಬಿದ್ದೀತು, ಜೋಕೆ."

"ನನ್ನ ಅಕ್ಕನನ್ನು ಕೊಡ್ತೀರಾ?" ಕುಂಜಿ ಕೇಳಿದಳು.

"ಮೂರು ಸಲ ನನ್ನಿಂದ ಇನ್ನಷ್ಟು ಅನ್ನಿಸು. ಕೊಡುತ್ತೇನೆ."

ಮೊದಲ ಊಟಕ್ಕೆ ಕುಂಜಿ ಹೊರಗಿನ ಕಡಲಿನಿಂದ ಹಿಡಿದು ಸಿಗಡಿ ಮಾಡಿದಳು. ಉಪ್ಪಿಲ್ಲದೆ ಸಿಗಡಿಯೇ ಎಂದು ಅವಳಿಗೆ ಒಮ್ಮೆ ಅನ್ನಿಸಿತು. ಆದರೂ ದಪ್ಪ ತೆಂಗಿನ ಹಾಲು ತೆಗೆದು, ಮಾವಿನಕಾಯಿಯ ಹುಳಿ ಬಿಟ್ಟು, ಶುಂಠಿ ಜಜ್ಜಿ ಹಾಕಿ, ಸಿಗಡಿ ಬಾಗುವಷ್ಟು ಹೊತ್ತು ಮಾತ್ರ ಕುದಿಸಿ ಇಳಿಸಿದಳು. ನೀರುನಾಯಿ ನೆಕ್ಕಿತು. ಬಾಲ ಬಡಿಯಲಿಲ್ಲ. ಸಪ್ಪೆರಾಯ ಬಾಯಿಗಿಟ್ಟ, ಹುಬ್ಬು ಏರಿಸಿದ.

"ಇನ್ನಷ್ಟು ಬಡಿಸು," ಎಂದ.

ಕುಂಜಿ ತನ್ನ ಪಾಲಿನ ಗಂಜಿಗೆ ಸೆರಗಿನ ಉಪ್ಪು ಉದುರಿಸಿ ಮೂಲೆಯಲ್ಲಿ ಕೂತಳು. ನೀರುನಾಯಿ ಎದುರಿಗೆ ಬಂದು ಕೂತು ಅವಳ ಬಾಯನ್ನೇ ನೋಡಿತು. ಪಾಪ, ಅದಕ್ಕೆ ಸಪ್ಪೆರಾಯ ಎಸೆಯುತ್ತಿದ್ದುದು ಬರೀ ಮುಳ್ಳು. "ನಿನಗೂ ಹಸಿವಾ? ಬಾ, ತಿನ್ನು," ಎಂದು ಕುಂಜಿ ಅರ್ಧ ಗಂಜಿಯನ್ನು ಅದರ ಮುಂದಿಟ್ಟಳು. ಅದು ಬಟ್ಟಲನ್ನು ನೆಕ್ಕಿ ನೆಕ್ಕಿ ಹೊಳಪು ಬರಿಸಿತು.

ಎರಡನೆಯ ಊಟಕ್ಕೆ ಕಡಲಿನಿಂದಲೇ ಹಿಡಿದ ಅಂಜಲ್ ಮೀನು. ಕುಂಜಿ ಅದನ್ನು ದಪ್ಪ ಹೋಳು ಮಾಡಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು, ತೆಂಗಿನತುರಿ ಅರೆದು ಎರಡೂ ಬದಿಗೆ ಮೆತ್ತಿ, ಬಾಡಿಸಿದ ಬಾಳೆಲೆಯಲ್ಲಿ ಸುತ್ತಿ, ಬಾಳೆನಾರಿನಿಂದ ಕಟ್ಟಿ ಕೆಂಡದ ಮೇಲಿಟ್ಟಳು. ಎಲೆ ಕಪ್ಪಾಗಿ ಬಿರಿದಾಗ ಬಂದ ಪರಿಮಳಕ್ಕೆ ಗೋಡೆಯ ಮೀನುಗಳೆಲ್ಲ ಒಂದೇ ಕಡೆಗೆ ತಿರುಗಿದವು. ಅವರೆಲ್ಲ ಅಡುಗೆಯವರಲ್ಲವೇ, ಮೀನಾದರೂ ಬುದ್ಧಿ ಹೋದೀತೇ! ನೀರುನಾಯಿ ನೆಕ್ಕಿತು, ಬಾಲ ಬಡಿಯಲಿಲ್ಲ.

"ಇನ್ನಷ್ಟು ಬಡಿಸು," ಎಂದ ಸಪ್ಪೆರಾಯ. ಆ ಸಲ ಬೆರಳನ್ನೂ ನೆಕ್ಕಿದ.

ಮೂರನೆಯ ಊಟದ ಹೊತ್ತು ಬಂತು. ಸಪ್ಪೆರಾಯ ನೀರಿನ ಗೋಡೆಗೆ ಕೈ ಹಾಕಿ ಬೆಳ್ಳಗಿನ ಒಂದು ಕಾಣೆ ಮೀನನ್ನು ಹಿಡಿದು, ನೀರು ತುಂಬಿದ ಹಂಡೆಯಲ್ಲಿ ಬಿಟ್ಟು ಅವಳ ಮುಂದಿಟ್ಟ.

"ಇದನ್ನು ಹುರಿದು ಕೊಡು. ಅಕ್ಕನನ್ನು ಕೇಳಿದೆಯಲ್ಲ? ತಗೋ, ಕೊಟ್ಟೆ," ಎಂದು ನಕ್ಕ.

ಕುಂಜಿ ಬಗ್ಗಿ ನೋಡಿದಳು. ಮೀನಿನ ಮೂತಿಯ ಎಡಬದಿಯಲ್ಲಿ ಕೆಂಪಗೆ ಒಂದು ಚುಕ್ಕೆ, ಪೊನ್ನಕ್ಕನ ಕೆಂಪು ಹರಳಿನ ಮೂಗುಬೊಟ್ಟಿನಷ್ಟೇ ದೊಡ್ಡದು. ಅಕ್ಕನೇ! ಅತ್ತರೆ ಅಕ್ಕ ಬದುಕುತ್ತಾಳೆಯೇ? ಅವಳು ಸೆರಗು ಬಿಗಿದಳು.

"ನಮ್ಮ ಮನೆಯಲ್ಲಿ ಎಲೆಯ ಮೇಲೆ ಮೊದಲು ಸಿಹಿ ಬಡಿಸದೆ ಬೇರೇನೂ ಬಡಿಸುವ ಕ್ರಮ ಇಲ್ಲ," ಎಂದಳು. "ಇದು ಕೊನೆಯ ಊಟ. ಕ್ರಮ ತಪ್ಪಿಸಿ ಬಡಿಸಲಿಕ್ಕೆ ನನ್ನಿಂದಾಗದು."

ಸಪ್ಪೆರಾಯನಿಗೆ ಅಂಜಲ್‌ನ ರುಚಿ ಇನ್ನೂ ನಾಲಗೆಯಲ್ಲಿತ್ತು. "ಸರಿ, ಬೇಗ ಮಾಡು," ಎಂದು ಹೋದ.

ಕುಂಜಿಗೆ ಬೇಕಿದ್ದದ್ದು ಯೋಚಿಸಲು ಒಂದಿಷ್ಟು ಹೊತ್ತು, ಅಷ್ಟೇ. ಸೌತೆಕಾಯಿ ತುರಿದಳು. ಅಕ್ಕಿಯನ್ನು ತರಿತರಿಯಾಗಿ ಬೀಸಿ ಹುರಿದಳು. ಬೆಲ್ಲ ಪುಡಿ ಮಾಡಿ, ಕಾಯಿತುರಿ ಹಾಕಿ ಕಲಸತೊಡಗಿದಳು. ಹಂಡೆಯಲ್ಲಿ ಆ ಬಿಳಿ ಮೀನು ಸುತ್ತು ಹಾಕುತ್ತಿತ್ತು. ಕುಂಜಿಯ ಮನಸ್ಸು ಬಂದರಿನ ಮನೆಗೆ ಹೋಯಿತು. ಒಲೆಯ ಮುಂದೆ ಅಕ್ಕ ಕೂತಿದ್ದಾಳೆ, ಕೈಬಳೆ ಹಿಂದಕ್ಕೆ ಸರಿಸಿ ಕಲಸುತ್ತಿದ್ದಾಳೆ, ನಗುತ್ತಿದ್ದಾಳೆ. ಅಕ್ಕಾ, ಆ ದಿನ ಒಂದು ತುಂಡಾದರೂ ತಿನ್ನಬೇಕಿತ್ತು ನಾನು, ಎಂದುಕೊಂಡಳು. ಹಾಗೆ ಅಂದುಕೊಳ್ಳುತ್ತಲೇ ಅವಳ ಕೈ ಸೆರಗಿನ ಗಂಟು ಬಿಚ್ಚಿ, ಒಂದು ಹರಳನ್ನು ಬೆರಳಲ್ಲಿ ಹೊಸಕಿ ಕಲಸಿದ ಹಿಟ್ಟಿಗೆ ಉದುರಿಸಿತು. ಥೇಟು ಅಕ್ಕನ ಹಾಗೆ.

ಉದುರಿಸಿದ ಮೇಲೆ ಎಚ್ಚರವಾಯಿತು. "ಅಯ್ಯೋ ದೇವರೇ, ಎಂತ ಮಾಡಿದೆ!"

ಚೆಲ್ಲಿ ಬೇರೆ ಕಲಸಲು ಬುಟ್ಟಿಯಲ್ಲಿ ಇನ್ನೊಂದು ಸೌತೆಕಾಯಿ ಇತ್ತು. ಕುಂಜಿ ಅದಕ್ಕೆ ಕೈ ಹಾಕಿದಳು. ಹಾಕಿದ ಕೈ ಅಲ್ಲೇ ನಿಂತಿತು. ಹಿಟ್ಟನ್ನು ನೋಡಿದಳು, ಹಂಡೆಯ ಮೀನನ್ನು ನೋಡಿದಳು. ಅವನು ಉಪ್ಪಿಗೇಕೆ ಹೆದರುತ್ತಾನೆಂದು ಶಂಖಾವತಿಯಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತಿತ್ತು. ನೀರುನಾಯಿ ಬಾಲ ಬಡಿದರೆ ಅಕ್ಕತಂಗಿ ಇಬ್ಬರೂ ಮೀನು. ಬಡಿಯದಿದ್ದರೆ? ಕುಂಜಿ ಸೌತೆಕಾಯಿಯನ್ನು ಬುಟ್ಟಿಯಲ್ಲೇ ಬಿಟ್ಟಳು. ಹಿಟ್ಟನ್ನು ಅರಸಿನ ಎಲೆಯ ಮೇಲೆ ಸುರಿದು, ಮುಚ್ಚಿ, ಅಡಿಗೂ ಮೇಲಕ್ಕೂ ಕೆಂಡ ಹರಡಿದಳು.

ಕಡುಬು ಬೆಂದಿತು. ಮೇಲೆ ಕಂದುಬಣ್ಣದ ಗರಿಗರಿ ಪದರ, ಒಳಗೆ ಹೂವಿನಷ್ಟು ಮೆತ್ತಗೆ. ಬೆಲ್ಲ, ಅರಸಿನ ಎಲೆಯ ಘಮ ಅರಮನೆಯ ಉದ್ದಗಲಕ್ಕೂ ಹರಡಿ ಮಂಜು ಕೂಡ ಬೆಚ್ಚಗಾಯಿತು. ಸಪ್ಪೆರಾಯ ಎಲೆಯ ಮುಂದೆ ಕೂತ. ನೀರುನಾಯಿ ಮುಂದೆ ಬಂದು ಕಡುಬಿನ ಅಂಚನ್ನು ನೆಕ್ಕಿತು.

ಅದರ ಬಾಲ ಮೇಲೆದ್ದಿತು. ನೀರುನಾಯಿ ಕುಂಜಿಯನ್ನು ನೋಡಿತು. ಅದೇ ಉಪ್ಪು, ಗಂಜಿಯಲ್ಲಿ ತಿಂದ ಉಪ್ಪು. ಅದಕ್ಕೆ ಅಷ್ಟು ಸಾಕಾಯಿತು. ಎತ್ತಿದ ಬಾಲವನ್ನು ಸದ್ದಿಲ್ಲದೆ ನೆಲಕ್ಕಿಳಿಸಿ, ಸಿಹಿ ತನಗೆ ಸೇರದೆಂಬಂತೆ ಮೂತಿ ಒರೆಸಿಕೊಂಡು ಮೂಲೆ ಸೇರಿತು.

ಸಪ್ಪೆರಾಯ ಒಂದು ತುಂಡು ತಿಂದ. ಇನ್ನೊಂದು ತಿಂದ. ಜನ್ಮದಲ್ಲೇ ಮೊದಲ ಸಲ ಅವನ ನಾಲಗೆಗೆ ಪೂರ್ತಿ ರುಚಿ ಹತ್ತಿತು! ಕಣ್ಣು ಮುಚ್ಚಿದ. ತಾನು ಮಾಂತ್ರಿಕನೆಂಬುದೇ ಮರೆತು ಹೋಯಿತು. "ಇನ್ನಷ್ಟು ಬಡಿಸು," ಎಂದ. "ಇನ್ನೂ ಬಡಿಸು," ಎಂದ. ಪಾತ್ರೆ ಖಾಲಿಯಾಯಿತು.

"ಮೂರು ಸಲವೂ ಕೇಳಿದಿರಿ," ಎಂದಳು ಕುಂಜಿ. "ಅಕ್ಕನನ್ನು ಅಕ್ಕನಾಗಿಯೇ ಕೊಡಿ."

ತಿಂದು ಮುಗಿಯುತ್ತಲೇ ಅವನ ಹಳೆಯ ಬುದ್ಧಿ ಹಿಂದಿರುಗಿತು. "ಸಿಹಿ ತಿಂದರೆ ಊಟವಾಯಿತೇ? ಮೀನು ಹುರಿಯುತ್ತೀಯೋ, ನೀನೂ ಮೀನಾಗುತ್ತೀಯೋ?" ಎಂದು ಗುಡುಗಿ ದಂಡ ಎತ್ತಿ ಮಂತ್ರ ಹೇಳಿದ.

ಮಂತ್ರ ಅವಳ ತನಕ ಬಂತು, ಅವಳ ಮುಖ ನೋಡಿತು, ಬಂದ ದಾರಿಯಲ್ಲೇ ಹಿಂದಿರುಗಿತು. ಸಪ್ಪೆರಾಯನ ಗಡ್ಡ ಕಿವಿರಾಯಿತು, ಅಂಗಿ ಪೊರೆಯಾಯಿತು. "ಉಪ್ಪು! ಸಿಹಿಯಲ್ಲಿ ಯಾರಾದರೂ ಉಪ್ಪು..." ಎಂದು ಚೀರುತ್ತಾ ಅವನು ಬಡಕಲು ಮೀನಾಗಿ ನೆಲಕ್ಕೆ ಬಿದ್ದು ಒದ್ದಾಡಿದ. ನೀರುನಾಯಿ ಬಾಯಿ ಚಪ್ಪರಿಸಿತು. "ಬೇಡ, ನಿನ್ನ ಬಾಯಿ ಕೆಡುತ್ತದೆ," ಎಂದು ಕುಂಜಿ ಆ ಮೀನನ್ನು ಬಾಲ ಹಿಡಿದು ಕಡಲಿಗೆ ಎಸೆದಳು.

ನೀರಿನ ಗೋಡೆಗಳು ಮೆಲ್ಲಗೆ ಕುಸಿದವು. ಮೀನುಗಳೆಲ್ಲ ಮನುಷ್ಯರಾಗಿ, ಬಟ್ಟೆ ಹಿಂಡಿಕೊಳ್ಳುತ್ತಾ ಎದ್ದು ನಿಂತರು. ಹಂಡೆಯಿಂದ ಪೊನ್ನಕ್ಕ ಎದ್ದಳು, ಕೂದಲಿನಿಂದ ನೀರು ಸುರಿಯುತ್ತಿತ್ತು, ಮೂಗುಬೊಟ್ಟು ಹೊಳೆಯುತ್ತಿತ್ತು. ಕುಂಜಿ ಓಡಿಹೋಗಿ ಅಪ್ಪಿಕೊಂಡು ಗೋಳೋ ಎಂದು ಅತ್ತಳು. ಮಂಜು ಹರಿದು, ಕಳೆದುಹೋದ ದೋಣಿಗಳೆಲ್ಲ ಬಿಸಿಲಲ್ಲಿ ಕಾಣಿಸಿಕೊಂಡವು. ಆ ದೋಣಿಗಳಲ್ಲೇ ಎಲ್ಲರೂ ಊರಿಗೆ ಬಂದರು, ನೀರುನಾಯಿಯೂ ಬಂತು. ರಾಜ ಮಂಚದಿಂದೆದ್ದು ಬಂದವನೇ ಮೊದಲು ಕೇಳಿದ್ದು, "ಊಟಕ್ಕೆ ಏನುಂಟು?" ಎಂದು.

ಆ ಮಧ್ಯಾಹ್ನ ಅಕ್ಕತಂಗಿಯರ ಜಗಲಿಯಲ್ಲಿ ಊರಿಗೆ ಊರೇ ಎಲೆ ಹಾಕಿಸಿಕೊಂಡು ಕೂತಿತು. ಕುಂಜಿ ಮೊದಲು ಕೆಂಡದ ಕಡುಬು ಬಡಿಸುತ್ತಾ ಬಂದಳು. ಪೊನ್ನಕ್ಕ ಒಂದು ತುಂಡು ಬಾಯಿಗಿಟ್ಟು, ಕಣ್ಣು ಕಿರಿದು ಮಾಡಿ ತಂಗಿಯನ್ನು ನೋಡಿದಳು.

"ಉಪ್ಪು ಹಾಕಿದೆಯಾ?"

"ಹಾಕಿದೆ."

"ಸಿಹಿಗೆ ಯಾರಾದರೂ ಉಪ್ಪು ಹಾಕ್ತಾರಾ ಮಾರಾಯ್ತಿ?"

ಕುಂಜಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಅಕ್ಕನ ಪಕ್ಕದಲ್ಲೇ ಕೂತು, ಆ ದಿನ ಬೇಡವೆಂದ ತುಂಡನ್ನು ಅಕ್ಕನ ಎಲೆಯಿಂದಲೇ ಎತ್ತಿಕೊಂಡು ತಿಂದಳು. ಅಂದಿನಿಂದ ಶಂಖಾವತಿಯಲ್ಲಿ ಎಲ್ಲರೂ ಉಂಡು, ನಕ್ಕು, ನೆಮ್ಮದಿಯಿಂದ ಇದ್ದಾರೆ. ಅಲ್ಲಿನ ಬಲೆಗೆ ಒಮ್ಮೊಮ್ಮೆ ಒಂದು ಬಡಕಲು ಮೀನು ಬೀಳುತ್ತದಂತೆ. ಎಷ್ಟು ಉಪ್ಪು ಖಾರ ಹಚ್ಚಿದರೂ ಅದು ಸಪ್ಪೆಯೇ ಎಂದು ಗೊತ್ತಿರುವ ಬೆಸ್ತರು ನಗುತ್ತಾ ಅದನ್ನು ನೀರಿಗೆ ಬಿಡುತ್ತಾರೆ, ಮನೆಗೆ ಹೋಗಿ ಬಿಸಿ ಬಿಸಿ ಉಣ್ಣುತ್ತಾರೆ.