ಹೆಸರಿಲ್ಲದವಳ ಚೀಟಿ

“ಹೆಸರುಗಳ್ನ ಒಂದ್ಕಡೆ ಕೂಡಿಸಬ್ಯಾಡ ಕಣಮ್ಮ,” ಎಂದರು ನಾಗಲಕ್ಷ್ಮಮ್ಮ. “ಒಬ್ಬೊಬ್ರ ತಾವ ಒಂದೊಂದು ಇರ್ಲಿ. ಸಾಲು ಕಟ್ಟಿದ್ರೆ ಅವಳು ಬತ್ತಾಳೆ.”

ಸೊಸೆ ಯಮುನಾ ನಕ್ಕುಬಿಟ್ಟಳು. ಬಸುರಿನ ಹೊಟ್ಟೆಗೆ ಚೀಟಿಗಳಿದ್ದ ಬೂಟಿನ ಡಬ್ಬವನ್ನು ಆನಿಸಿಕೊಂಡು, ಬರಲಿ ಬಿಡಿ ಅತ್ತೆ, ಅವಳದೂ ಒಂದು ಚೀಟಿ ಬರೆದು ಒಳಗೆ ಹಾಕಿಬಿಡುತ್ತೇನೆ ಎಂದಳು. ಬಾಯಿಗೆ ಬಂದದ್ದನ್ನು ಆಡುವ ಹೆಣ್ಣಲ್ಲ ಅವಳು, ಅವತ್ತು ಆಡಿದಳು. ಅಸ್ತು ದೇವತೆಗಳು ಲಗ್ಗೆರೆಯ ತಾರಸಿಗಳ ಮೇಲೂ ಓಡಾಡುತ್ತಿರುತ್ತವೆ ಎಂಬುದು ಆಗ ಅವಳ ತಲೆಗೆ ಹೊಳೆಯಲಿಲ್ಲ.

ಯಮುನಾ ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಚೀಟಿ ಇಲ್ಲದ ಸಾಮಾನು ಎಂದರೆ ಕಳೆದುಹೋದ ಸಾಮಾನು. ಸಾಮಾನು ಖಾಲಿಯಾದ ಗೂಡಿಗೂ ಚೀಟಿ ಹಾಕಲೇಬೇಕು, ಇಲ್ಲದಿದ್ದರೆ ಇನ್ನೇನೋ ಬಂದು ಅಲ್ಲಿ ಕೂತು, ಇದ್ದದ್ದು ಏನೆಂಬುದೇ ಮರೆತುಹೋಗುತ್ತದೆ. ಅದೇ ಪದ್ಧತಿಯನ್ನು ಅವಳು ಮನೆಗೂ ತಂದಿದ್ದಳು. ಗಂಡನ ಮನೆತನದ ಸಂಗತಿಗಳನ್ನು ಒಂದು ಚೀಟಿಗೆ ಒಂದರಂತೆ ಬರೆಯುತ್ತಿದ್ದಳು. ಕೆಳಗೆ ಯಾರು ಹೇಳಿದ್ದು, ಎಲ್ಲಿ ಕೂತು ಹೇಳಿದ್ದು ಎಂದು ಗುರುತು. ಅನುಮಾನವಿದ್ದರೆ ಮೂಲೆಯಲ್ಲಿ ಕೆಂಪು ಪೆನ್ಸಿಲಿನ ಚುಕ್ಕೆ. ಹಿಂದೊಮ್ಮೆ ಚಿಕ್ಕಮಾವ ಕೃಷ್ಣಪ್ಪ ಹೇಳಿದ್ದನ್ನೆಲ್ಲ ಲಗ್ನಪತ್ರಿಕೆಯ ಹಿಂದೆ ಗೀಚಿಕೊಂಡು, ಅದು ರದ್ದಿಗೆ ಹೋಗಿ, ಅವಳು ಒಂದು ಹಗಲೆಲ್ಲ ಅತ್ತಿದ್ದಳು.

ಇಷ್ಟಕ್ಕೆಲ್ಲ ಅಳುವುದೇ ಎಂದು ಗಂಡ ಮುನಿಕೃಷ್ಣ ಕೇಳಿದ್ದ. ಅವನಿಗೇನು ಗೊತ್ತು! ಅವಳ ಮೊದಲ ಮಗಳು ಬೆಳಿಗ್ಗೆ ಹುಟ್ಟಿ ಸಂಜೆ ದೀಪ ಹಚ್ಚುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಅಷ್ಟರೊಳಗೆ ಯಮುನಾ ಆ ಪುಟ್ಟ ಕಿವಿಯಲ್ಲಿ ಶಾಂಭವಿ ಎಂದು ಹೆಸರು ಊದಿದ್ದಳು. ಮಣ್ಣು ಮಾಡಿ ಬಂದವರು ತಲೆಗೆ ನೀರು ಹಾಕಿಕೊಂಡರು, ಊಟ ಮಾಡಿದರು, ಆಮೇಲೆ ಮನೆಯಲ್ಲಿ ಯಾರೂ ಆ ಹೆಸರೆತ್ತಲಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಬರೀ ‘ಹೆಣ್ಣು ಮಗು’ ಎಂದಿತ್ತು. ಮಹಾಲಯ ಅಮಾವಾಸ್ಯೆಯ ದಿನ ಊರವರೆಲ್ಲ ಹಿರಿಯರ ಹೆಸರು ಹಿಡಿದು ಕರೆದು ಎಡೆ ಇಡುತ್ತಾರೆ. ಆ ಸಾಲಿನ ಕೊನೆಯಲ್ಲಿ ತನ್ನ ಮಗಳನ್ನೂ ಒಂದು ಸಲ ಬಾಯಿತುಂಬ ಕರೆಯಬೇಕು. ಯಮುನಾಳಿಗೆ ಬೇಕಾಗಿದ್ದದ್ದು ಅಷ್ಟೇ.

ಆದರೆ ಈ ಮನೆಯಲ್ಲಿ ಎಡೆ ಇಡುವಾಗ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಮನೆಯಲ್ಲಿ ಯಾರಾದರೂ ಸತ್ತರೆ, ಹಿರಿಯರೊಬ್ಬರು ಆ ಹೆಸರನ್ನು ಸೆರಗಿಗೋ ಪಂಚೆಗೋ ಗಂಟು ಹಾಕಿಕೊಳ್ಳುತ್ತಿದ್ದರು. ಒಬ್ಬರಿಗೆ ಒಂದೇ ಗಂಟು. ನಾಗಲಕ್ಷ್ಮಮ್ಮನ ಸೆರಗಿನ ತುದಿಯಲ್ಲೂ ಒಂದಿತ್ತು. ಸ್ನಾನವಾದ ಮೇಲೆ ಒಗೆದ ಸೀರೆಗೆ ಅದನ್ನು ಹಾಕುವಾಗ ಬಾಯೊಳಗೇ ಏನೋ ಅಂದುಕೊಳ್ಳುತ್ತಿದ್ದರು. ಅದು ಯಾರ ಹೆಸರತ್ತೆ ಎಂದರೆ ಮುಖ ತಿರುಗಿಸುತ್ತಿದ್ದರು.

ಮಿಕ್ಕವರು ತಮ್ಮ ಗಂಟಿನ ಹೆಸರು ಕೊಟ್ಟರು. ಬಸುರಿ ಬಾಯಿಬಿಟ್ಟು ಕೇಳಿದರೆ ಇಲ್ಲ ಅನ್ನಬಾರದಲ್ಲ. ಡಬ್ಬ ತುಂಬುತ್ತ ಬಂದಾಗ ಎರಡು ಚೀಟಿಗಳು ಜಗಳಕ್ಕೆ ನಿಂತವು. ಮುತ್ತಾತನಿಗೆ ಒಬ್ಬಳೇ ಹೆಂಡತಿ ಎಂದು ಕೃಷ್ಣಪ್ಪ ಹೇಳಿದ್ದು ಒಂದರಲ್ಲಿ, ಆಕೆ ಎರಡನೇ ಸಂಬಂಧ ಎಂದು ದೊಡ್ಡತ್ತೆ ಅಶ್ವತ್ಥಮ್ಮ ಬಾಯಿ ತಪ್ಪಿ ಅಂದದ್ದು ಇನ್ನೊಂದರಲ್ಲಿ. ಎರಡನೆಯವಳಿದ್ದರೆ ಮೊದಲಿನವಳೆಲ್ಲಿ?

ಯಮುನಾ ಟಿ. ದಾಸರಹಳ್ಳಿಗೆ ಹೋಗಿ ಅಶ್ವತ್ಥಮ್ಮನ ಮುಂದೆ ಕೂತಳು. ಮುದುಕಿ ಎದ್ದು ಬಾಗಿಲು ಹಾಕಿಕೊಂಡು ಬಂದರು. ಮೊದಲಿನವಳು ಹೆರಿಗೆಯಲ್ಲಿ ಸತ್ತಳಂತೆ, ಕೂಸು ಹೊಟ್ಟೆಯಲ್ಲೇ ಉಳಿದುಹೋಯಿತಂತೆ. ದೆವ್ವವಾಗಿ ಬಂದಾಳೆಂದು ಮನೆಯವರು ಮಂತ್ರವಾದಿಯನ್ನು ಕರೆಸಿ, ಹೊಸಲಿಗೆ ಮೊಳೆ ಹೊಡೆಸಿ, ಅವಳ ಹೆಸರನ್ನೇ ಕಟ್ಟಿಸಿಬಿಟ್ಟರಂತೆ. ಆವತ್ತಿನಿಂದ ಆ ಹೆಸರು ಯಾರ ನೆನಪಿಗೂ ಬರಲಿಲ್ಲ. ಮನೆತನದ ಹೆಸರುಗಳು ಎಲ್ಲಿ ಸಾಲಾಗುತ್ತವೋ ಅಲ್ಲಿ ಅವಳು ತನ್ನ ಜಾಗ ಹುಡುಕಿಕೊಂಡು ಬರುತ್ತಾಳೆ ಎಂದು ಮಂತ್ರವಾದಿ ಹೇಳಿ ಹೋಗಿದ್ದ. ಅವರ ವಂಶ ಹೊತ್ತುಕೊಂಡು ಸತ್ತವಳಿಗೆ ಮೊಳೆ! ಎಂಥಾ ಕಟುಕರು.

ಯಮುನಾಳಿಗೆ ಹೆದರಿಕೆಯಾಗಲಿಲ್ಲ, ಕರುಳು ಕಿತ್ತುಬಂತು. ಮನೆಗೆ ಬಂದವಳೇ ಒಂದು ಖಾಲಿ ಚೀಟಿ ತೆಗೆದು, ಮೂಲೆಗೆ ಕೆಂಪು ಚುಕ್ಕೆಯಿಟ್ಟು, ಮುತ್ತಾತನ ಚೀಟಿಯ ಪಕ್ಕಕ್ಕೆ ಸೇರಿಸಿದಳು. ಖಾಲಿ ಗೂಡಿಗೂ ಚೀಟಿ ಇರಬೇಕಲ್ಲ.

ಅಮಾವಾಸ್ಯೆ ಬಂತು. ಬಸುರಿ ಎಡೆಯ ಮುಂದೆ ಕೂರಬಾರದೆಂದು ಅತ್ತೆ ಹೇಳಿಯೇ ಇದ್ದರು. ಮಧ್ಯಾಹ್ನ ಅವರೂ ಮುನಿಕೃಷ್ಣನೂ ಕಾಗೆಗೆ ಎಡೆ ಇಡಲು ತಾರಸಿಗೆ ಹತ್ತಿದ್ದೇ ತಡ, ಯಮುನಾ ನಡುಮನೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಪಕ್ಕದಲ್ಲಿ ಬಾಡಿಗೆ ಮನೆಗಳ ಕಟ್ಟಡ ಎದ್ದ ಮೇಲೆ ಆ ಕೋಣೆಗೆ ಹಗಲೆಂಬುದೇ ಇರಲಿಲ್ಲ. ಬಾಳೆ ಎಲೆಯ ಮೇಲೆ ವಡೆ, ಕಡುಬು, ಬಾಡಿನ ಸಾರು. ಅವಳು ಎಲೆಯ ಮುಂದೆ ಚೀಟಿಗಳನ್ನು ಸಾಲಾಗಿ ಜೋಡಿಸಿದಳು. ಕೊನೆಯಲ್ಲಿ ಶಾಂಭವಿ. ಒಂದೊಂದೇ ಹೆಸರು ಹಿಡಿದು ಕರೆಯತೊಡಗಿದಳು. ಖಾಲಿ ಚೀಟಿಯ ಹತ್ತಿರ ಬಂದಾಗ ಏನೆನ್ನಬೇಕೆಂದು ತೋಚದೆ, “ನೀವೂ ಬನ್ನಿ ಅಕ್ಕ,” ಎಂದಳು.

ಕರೆಂಟು ಹೋಯಿತು.

ಮೊದಲು ವಾಸನೆ. ಬಜೆ, ಬೆಳ್ಳುಳ್ಳಿ, ಸಾಂಬ್ರಾಣಿ. ಬಾಣಂತಿ ಕೋಣೆಯ ವಾಸನೆ. ಅದರಡಿಯಲ್ಲಿ ಹಳೆಯ ರಕ್ತದ್ದು. ಆಮೇಲೆ ಸದ್ದು. ಕಲ್ಲಿನ ಮೇಲೆ ಯಾರೋ ಬಜೆ ತೇಯುತ್ತಿದ್ದರು. ನಿಧಾನವಾಗಿ. ಕೂಸಿಗೆ ನೆಕ್ಕಿಸಲು ತೇಯುವ ಹಾಗೆ. ಎಡೆಯ ಮುಂದಿನ ದೀಪ ಉರಿಯುತ್ತಲೇ ಇತ್ತು, ಬೆಳಕು ಮಾತ್ರ ಬತ್ತಿಯಿಂದ ಆಚೆಗೆ ಬರಲಿಲ್ಲ. ಖಾಲಿ ಚೀಟಿ ಒದ್ದೆಯಾಯಿತು. ಅದರ ಮೇಲೆ ಅರಿಶಿನದ ಬೆರಳಿನ ಗುರುತೊಂದು ಮೂಡಿತು.

“ಜಾಗ ಮಡಗಿದ್ದೀಯಲ್ಲವ್ವ,” ಎಂದಿತು ಧ್ವನಿ. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಎಷ್ಟೋ ವಾಸಿಯಿತ್ತು. “ಈಟು ವರ್ಸಕ್ಕೆ ನೀನೊಬ್ಬಳು ಮಡಗಿದೆ.”

ಯಮುನಾ ಬಾಗಿಲಿಗೆ ಕೈ ಹಾಕಿದಳು. ಬಾಗಿಲು ಅಲ್ಲಾಡಲಿಲ್ಲ.

“ನನ್ನ ತಾವ ಕೂಸಿಲ್ಲ. ನಿಂಗೆ ಎಲ್ಡೈತೆ. ಒಂದು ಕೊಡು.”

ಹೊಟ್ಟೆ ಕಲ್ಲಾಯಿತು. ಬೆಳಗಿನಿಂದ ಒದೆಯುತ್ತಿದ್ದ ಮಗು ಒಮ್ಮೆ ಹೊರಳಿತು. ನಿಂತುಹೋಯಿತು. ಯಮುನಾ ಹೊಟ್ಟೆ ತಟ್ಟಿದಳು. ಇಲ್ಲ. ಇನ್ನೊಮ್ಮೆ ತಟ್ಟಿದಳು. ಇಲ್ಲ. ಕತ್ತಲು ಹತ್ತಿರ ಬಂತು. ತಣ್ಣನೆಯ ಕೈಯೊಂದು ಅವಳ ಹೊಕ್ಕುಳ ಮೇಲೆ ಕೂತಿತು. ಅವಳ ಕಣ್ಣು ಸಾಲಿನ ಕೊನೆಗೆ ಹೋಯಿತು. ಬೇಡ. ಅದೊಂದು ಬೇಡ. ಒಳಗೆ ಮಗು ಅಲುಗುತ್ತಿಲ್ಲ. ಅವಳು ಕೊನೆಯ ಚೀಟಿ ಎತ್ತಿದಳು. ಎದೆಗೊತ್ತಿಕೊಂಡಳು. ಮುತ್ತಿಟ್ಟಳು.

“ತಣ್ಣೀರು ಸೋಕಿದ್ರೆ ಅಳ್ತಾಳೆ ಅಕ್ಕ,” ಎಂದಳು. “ಜೋಪಾನ.”

ಚೀಟಿಯನ್ನು ಒದ್ದೆ ಚೀಟಿಯ ಮೇಲಿಟ್ಟಳು. ತೇಯುವ ಸದ್ದು ನಿಂತಿತು. ಹೊಟ್ಟೆಯೊಳಗಿನ ಮಗು ಜಾಡಿಸಿ ಒದೆಯಿತು.

ನಾಗಲಕ್ಷ್ಮಮ್ಮ ಬಾಗಿಲು ತಳ್ಳಿಕೊಂಡು ಬಂದಾಗ ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಯಮುನಾ ಗೋಡೆಗೊರಗಿ ಕೂತಿದ್ದಳು. ಸಾಲಿನ ಕೊನೆಯಲ್ಲಿ ಚೀಟಿ ಇರಲಿಲ್ಲ. ಯಾಕೋ ಕಣ್ಣಲ್ಲಿ ನೀರು ನಿಲ್ಲುತ್ತಿಲ್ಲ ಅತ್ತೆ, ಹೊಗೆ ಇರಬೇಕು ಎಂದಳು. ಬಜೆಯ ವಾಸನೆ ಮೂಗಿಗೆ ಬಡಿದದ್ದೇ ಯಾರು ಬಂದುಹೋದರೆಂದು ಮುದುಕಿಗೆ ತಿಳಿದುಹೋಯಿತು.

ಮರುದಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಗು ಚೆನ್ನಾಗಿದೆ ಎಂದ ಡಾಕ್ಟರು, ಇದು ಎಷ್ಟನೆಯದು ಎಂದು ಕೇಳಿದರು.

“ಮೊದಲ್ನೇದು ಮೇಡಂ,” ಎಂದಳು ಯಮುನಾ, ನಾಚಿಕೊಂಡು. ಪಕ್ಕದಲ್ಲಿದ್ದ ಮುನಿಕೃಷ್ಣ ಹೌದೆಂದು ತಲೆಯಾಡಿಸಿದ. ಹಿಂದೆ ನಿಂತಿದ್ದ ನಾಗಲಕ್ಷ್ಮಮ್ಮ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಹಲ್ಲು ಕಚ್ಚಿದರು. ಮಣ್ಣು ಮಾಡಿದ ಸಂಜೆ ಅವರು ಮೊಮ್ಮಗಳ ಹೆಸರನ್ನೇ ಗಂಟು ಹಾಕಿಕೊಂಡಿದ್ದರು. ಗಂಟು ಹಾಕಿಕೊಂಡವರಿಂದ ಹೆಸರನ್ನು ಕಿತ್ತುಕೊಳ್ಳಲು ಆ ಸತ್ತವಳಿಗೂ ಆಗುವುದಿಲ್ಲ. ಈಗ ಲೋಕದಲ್ಲಿ ಆ ಕೂಸನ್ನು ಬಲ್ಲವರು ಅವರೊಬ್ಬರೇ. ಬಾಯಿ ಬಿಡುವ ಹಾಗಿಲ್ಲ. ಬಿಟ್ಟರೆ ಕೊಟ್ಟದ್ದನ್ನು ಕಿತ್ತುಕೊಂಡಂತೆ, ಅವಳು ಯಮುನಾಳ ಹೊಟ್ಟೆಯಲ್ಲಿರುವುದನ್ನು ಕೇಳಲು ಬರುತ್ತಾಳೆ.

ಹೆರಿಗೆ ಹತ್ತಿರ ಬಂದಾಗ ಯಮುನಾ ಬೀರು ಅಚ್ಚುಕಟ್ಟು ಮಾಡುತ್ತಿದ್ದಳು. ಸೀರೆಗಳ ಅಡಿಯಲ್ಲಿ ಹಳದಿ ಉಲ್ಲನ್ನಿನ ಒಂದು ಪುಟ್ಟ ಟೋಪಿ ಸಿಕ್ಕಿತು. ಅದನ್ನು ಹೊರಳಿಸಿ ನೋಡಿದಳು, ಯಾಕೆಂದು ತಿಳಿಯದೆ ಒಂದು ಸಲ ಮೂಸಿಯೂ ನೋಡಿದಳು.

“ಅತ್ತೆ, ಇದು ಯಾರ್ದು?”

ನಾಗಲಕ್ಷ್ಮಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. “ಬಾಡಿಗೆ ಮನೆಯೋರ ಕೂಸಿಂದು ಇರ್ಬೇಕು ಕಣಮ್ಮ,” ಎಂದರು.

“ಪಾಪ, ಅದರ ತಾಯಿ ಹುಡುಕ್ತಿರ್ತಾಳೆ,” ಎಂದಳು ಯಮುನಾ. ಡಬ್ಬದಿಂದ ಒಂದು ಚೀಟಿ ತೆಗೆದು, ‘ಯಾರದೋ ಗೊತ್ತಿಲ್ಲ’ ಎಂದು ಬರೆದು, ಮೂಲೆಗೆ ಕೆಂಪು ಚುಕ್ಕೆಯಿಟ್ಟು, ಟೋಪಿಗೆ ಪಿನ್ನು ಚುಚ್ಚಿ, ಎಲ್ಲರ ಕಣ್ಣಿಗೆ ಬೀಳಲೆಂದು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದಳು.