ಹನ್ನೊಂದು ಬಕೆಟ್ ಯೂರಿಯಾ

2021ರ ಸೆಪ್ಟೆಂಬರ್ 6, ಸೋಮವಾರ, ಬೆಳಿಗ್ಗೆ 10.20. ಟಿಪ್ಪರ್ ಮಾಲೀಕ ಶಶಿಕಾಂತ್ ಬಳ್ಳಾರಿಯ ಠಾಣೆಗೆ ದೂರು ಹಿಡಿದು ಬಂದಾಗ ಹೆಡ್ ಕಾನ್‌ಸ್ಟೇಬಲ್ ಕೊಟ್ಟೂರಪ್ಪ ಇನ್ನೂ ಚಹಾದ ಲೋಟ ಬಾಯಿಗೆ ಇಟ್ಟಿರಲಿಲ್ಲ. ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ಅವನು ಬಿಸಿ ಚಹಾ ಕುಡಿದದ್ದು ರಜೆಯ ದಿನಗಳಲ್ಲಿ ಮಾತ್ರ.

ಅದಿರಿನ ರೇಟು ಮತ್ತೆ ಮುಗಿಲಿಗೇರಿದ ವರ್ಷ ಅದು. ಒಂದು ಗಾಡಿ ಅರ್ಧ ದಿನ ನಿಂತರೂ ಮಾಲೀಕರ ಎದೆ ಧಸಕ್ಕೆನ್ನುತ್ತಿತ್ತು. ಶಶಿಕಾಂತನ ಐದೂ ಟಿಪ್ಪರ್‌ಗಳು ಒಂದೇ ವಾರದಲ್ಲಿ ಕೈಕೊಟ್ಟಿದ್ದವು.

"ಕೌಲ್ ಬಜಾರಿನ ಅಜರುದ್ದೀನ್ ಯೂರಿಯಾದಾಗ ನೀರು ಬೆರಸ್ಯಾನ್ರಿ ಮೇಡಂ."

"ಗೊಬ್ಬರದಂಗಡಿ ಕೇಸೇನು?" ಇನ್ಸ್‌ಪೆಕ್ಟರ್ ಸುನಂದಾ ಕೇಳಿದರು.

"ಹೊಲದ್ದಲ್ರಿ, ಗಾಡಿದು."

ಹೊಸ ಡೀಸೆಲ್ ಗಾಡಿಗಳಲ್ಲಿ ಡೀಸೆಲ್ ಟ್ಯಾಂಕಿನ ಪಕ್ಕ ಇನ್ನೊಂದು ಸಣ್ಣ ಟ್ಯಾಂಕು ಇರುತ್ತದೆ. ಅದರಲ್ಲಿರುವುದು ಶುದ್ಧ ನೀರಿನಲ್ಲಿ ಕರಗಿಸಿದ ಶುದ್ಧ ಯೂರಿಯಾ. ಸೈಲೆನ್ಸರಿನ ಕಡೆಗೆ ಚಿಮ್ಮಿ ಹೊಗೆಯ ವಿಷ ತಗ್ಗಿಸುವುದು ಅದರ ಕೆಲಸ. ಕಾಗದದಲ್ಲಿ ಅದರ ಹೆಸರು ಡೆಫ್. ಡ್ರೈವರ್‌ಗಳ ಬಾಯಲ್ಲಿ ಬರೀ ಯೂರಿಯಾ. ನೂರರಲ್ಲಿ ಮೂವತ್ತೆರಡೂವರೆ ಪಾಲು ಯೂರಿಯಾ ಇರಲೇಬೇಕು. ತೆಳುವಾದರೆ ಗಾಡಿಯ ಕಂಪ್ಯೂಟರ್ ಎಂಜಿನ್ನಿನ ಶಕ್ತಿ ಕುಗ್ಗಿಸುತ್ತದೆ, ಅದಿರು ತುಂಬಿದ ಟಿಪ್ಪರ್ ನಡುರಸ್ತೆಯಲ್ಲಿ ತೆವಳತೊಡಗುತ್ತದೆ.

ಕಲಂ 420ರಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ 1.15ಕ್ಕೆ ಅಜರುದ್ದೀನನ ಅಂಗಡಿಯಲ್ಲಿ ಪಂಚನಾಮೆ ನಡೆಯಿತು. ಗ್ಯಾರೇಜಿನ ಸಾಮಾನೆಲ್ಲ ಮಾರಿ ಒಂದೂವರೆ ವರ್ಷದ ಹಿಂದೆ ತೆರೆದ ಅಂಗಡಿ. ಒಂದು ಹನಿ ಹಾಕಿದರೆ ಪಾಲು ತೋರಿಸುವ ಮೀಟರಿನಲ್ಲಿ ಅಲ್ಲಿದ್ದ ಡ್ರಮ್ಮುಗಳೆಲ್ಲ ಸರಿಯಾಗಿಯೇ ಇದ್ದವು. ಆದರೂ ತನಿಖೆ ಮುಗಿಯುವವರೆಗೆ ಶಟರ್ ಎಳೆದು ಸೀಲ್ ಮಾಡಲಾಯಿತು.

"ಸಾರ, ಈ ಧಂದೆದಾಗ ಕಲಬೆರಕಿ ಅಂತ ಒಮ್ಮೆ ಹೆಸರು ಬಂತಂದ್ರ ಮುಗೀತ್ರಿ," ಎಂದ ಅಜರುದ್ದೀನ್. "ಮುಂಜಾನಿಂದ ಮೂರು ಮಂದಿ ಡ್ರಮ್ಮು ವಾಪಸ್ ತಂದು ರಸ್ತೆಗಿಟ್ಟು ಹೋಗ್ಯಾರ. ನಾನು ಎಲ್ಲಿ ಹೋಗ್ಲಿ?"

ಬೀಗದ ಕೈ ಜೇಬಿಗಿಳಿಸಿದಾಗ ಕೊಟ್ಟೂರಪ್ಪನಿಗೆ ಕೆಟ್ಟದೆನಿಸಿತು.

ಮರುದಿನ 9.40ಕ್ಕೆ ಕುರುಗೋಡು ರಸ್ತೆಯ ಟಿಪ್ಪರ್ ಯಾರ್ಡು. ಶೆಡ್ಡಿನಲ್ಲಿ ಎರಡು ಡ್ರಮ್ಮುಗಳಿದ್ದವು. ಬಳಸುತ್ತಿದ್ದ ಡ್ರಮ್ಮಿಗೆ ಮೀಟರ್ ಹತ್ತೊಂಬತ್ತು ತೋರಿಸಿತು. ಸೀಲು ಒಡೆಯದ ಹೊಸ ಡ್ರಮ್ಮನ್ನು ಪಂಚರ ಎದುರು ತೆರೆದರೆ ಮೂವತ್ತೆರಡೂವರೆ. ನೀರು ಬಿದ್ದದ್ದು ಯಾರ್ಡಿನಲ್ಲೇ, ಯಾರೋ ಯೂರಿಯಾ ಕದ್ದು ಆ ಜಾಗಕ್ಕೆ ನೀರು ತುಂಬಿದ್ದಾರೆ ಎಂದು ಕೊಟ್ಟೂರಪ್ಪನಿಗೆ ಅನಿಸಿತು. ಶೆಡ್ಡಿನ ಕೀಲಿ ಇದ್ದದ್ದು ಹಿರಿಯ ಡ್ರೈವರ್ ದುರುಗಪ್ಪನ ಬಳಿ. ಬಾದನಹಟ್ಟಿಯವನು, ಶಶಿಕಾಂತನ ಹತ್ತಿರ ಹದಿನಾಲ್ಕು ವರ್ಷದಿಂದ ಇದ್ದಾನೆ.

"ಟ್ಯಾಂಕಿಗೆ ಹಾಕೋರು ಯಾರು?"

"ನಾನ ರೀ. ಐದೂ ಗಾಡಿಗೆ."

"ಹೊರಗ ಮಾರೀಯೇನು?"

"ದೇವರಾಣಿ ಇಲ್ರಿ."

"ಮತ್ತ ಅಜರುದ್ದೀನ್ ಬೆರಸ್ಯಾನೇನು?"

ದುರುಗಪ್ಪ ನೆಲ ನೋಡಿದ. "ನನಗೇನು ಗೊತ್ತ್ರಿ ಸಾರ."

"ಅವನ ಮ್ಯಾಲೆ ಡೌಟ್ ಪಡಬ್ಯಾಡ್ರಿ," ಎಂದು ಶಶಿಕಾಂತ್ ಅಡ್ಡ ಬಂದ. "ನನ್ನ ಮನಿ ಕೀಲಿನೂ ಅವನ ಕೈಯಾಗ ಕೊಟ್ಟು ಹೋಗ್ತೀನಿ."

ಸಂಜೆ ಸುನಂದಾ ಎಲ್ಲ ಕೇಳಿಸಿಕೊಂಡರು. "ಹಳೇ ಡ್ರಮ್ಮು ಕೆಟ್ಟದ್ದು ಕೊಟ್ಟು, ತಕರಾರು ಬಂದ ಮ್ಯಾಲೆ ಒಳ್ಳೇದು ಕಳಿಸಿರಬಹುದಲ್ರಿ ಅಜರುದ್ದೀನ್? ಶುಕ್ರವಾರದೊಳಗ ಬೇರೆ ಹೆಸರು ತರ್ರಿ. ಇಲ್ಲಾಂದ್ರ ಅವನ್ನ ಅರೆಸ್ಟ್ ಮಾಡಿ ಕೋರ್ಟಿಗೆ ಕಳಿಸಬೇಕಾಗತೈತಿ."

ಬುಧವಾರವಿಡೀ ಕೊಟ್ಟೂರಪ್ಪ ಗ್ಯಾರೇಜು, ಲಾರಿ ಸ್ಟ್ಯಾಂಡು, ಪಂಕ್ಚರ್ ಅಂಗಡಿಗಳನ್ನು ಸುತ್ತಿದ. ಅಗ್ಗದ ಯೂರಿಯಾ ಕೊಂಡವರು ಒಬ್ಬರೂ ಸಿಗಲಿಲ್ಲ. ಕದ್ದ ಮಾಲು ಮಾರಾಟವಾಗಿಲ್ಲ ಎಂದರೆ ಎಲ್ಲಿ ಹೋಯಿತು? ಅದನ್ನು ಕುಡಿಯುವಂತಿಲ್ಲ, ಡೀಸೆಲ್ಲಿಗೆ ಬೆರೆಸುವಂತಿಲ್ಲ. ಯೋಚಿಸಿ ಯೋಚಿಸಿ ಅವನ ತಲೆ ಕಾದ ಹಂಚಾಯಿತು.

ಗುರುವಾರ 8.30ಕ್ಕೆ ದುರುಗಪ್ಪನ ವಿಚಾರ ತಿಳಿಯಲು ಬಾದನಹಟ್ಟಿಗೆ ಬೈಕು ತಿರುಗಿಸಿದ. ಕೊಟ್ಟೂರಪ್ಪ ಸಿರುಗುಪ್ಪ ಸೀಮೆಯ ಭತ್ತದ ಮನೆಯವನು. ಬಂದೋಬಸ್ತಿನ ಡ್ಯೂಟಿಯಲ್ಲೂ ಯಾರದೋ ಗದ್ದೆಗೆ ನೀರು ಹೆಚ್ಚಾಯಿತೆಂದು ಸಂಕಟಪಡುತ್ತಾನೆಂದು ಠಾಣೆಯವರೆಲ್ಲ ಅವನನ್ನು ಕಿಚಾಯಿಸುತ್ತಿದ್ದರು. ಆ ದಿನವೂ ಅವನ ಕಣ್ಣು ರಸ್ತೆಗಿಂತ ಗದ್ದೆಯ ಮೇಲೇ ಇತ್ತು. ನಾಟಿಯಾಗಿ ತಿಂಗಳಾದ ಪೈರು ಎಲ್ಲೆಲ್ಲೂ ಹಳದಿಗೆ ತಿರುಗಿತ್ತು. ಸೊಸೈಟಿಗೆ ಹದಿನೈದು ದಿನದಿಂದ ಯೂರಿಯಾ ಲೋಡು ಬಂದಿರಲಿಲ್ಲ. ಬಾಗಿಲ ಮುಂದೆ ಚಪ್ಪಲಿ ಸಾಲಿಟ್ಟು ಜನ ಕಾಯುತ್ತಿದ್ದರು.

ಅದಿರಿನ ರಸ್ತೆಗೆ ಅಂಟಿಕೊಂಡ ಒಂದೆಕರೆ ಮಾತ್ರ ಕಡುಹಸಿರಾಗಿತ್ತು.

ಕೊಟ್ಟೂರಪ್ಪ ಬೈಕು ನಿಲ್ಲಿಸಿದ. ಬದುವಿನ ಮೇಲೆ ಹೆಂಗಸೊಬ್ಬಳು ಕಳೆ ಎಸೆಯುತ್ತಿದ್ದಳು.

"ಎಲ್ಲಿ ಸಿಕ್ಕಿತವ್ವ ನಿನಗ ಯೂರಿಯಾ?"

"ನಮ್ಮ ತಮ್ಮ ತಂದು ಹಾಕ್ಯಾನ್ರಿ. ನೀರು ಗೊಬ್ಬರ." ಅವಳ ಮುಖ ಅರಳಿತು. "ಹನ್ನೊಂದು ಬಕೆಟ್! ಕಾಲುವಿ ನೀರು ಮಡಿಗಿ ಬರೋ ಬಾಯಿಗಿ ತಾನ ನಿಂತು ಸುರಿದ. ಟಿಪ್ಪರ್ ಓಡಿಸ್ತಾನ್ರಿ, ದುರುಗಪ್ಪ ಅಂತ. ನೆಲ್ಲು ಹೆಂಗ ಎದ್ದೈತಿ ನೋಡ್ರಿ."

ನೆಲ್ಲು ಎದ್ದದ್ದು ನಿಜ. ಅಂಥ ಪೈರು ಕಂಡರೆ ಹಿಗ್ಗುವ ಕೊಟ್ಟೂರಪ್ಪ ಅಂದು ಜೇಬಿನಿಂದ ಪುಸ್ತಕ ತೆಗೆದ. ಹೆಸರು ಕೇಳಿ ಬರೆದುಕೊಂಡ: ಗಾದೆಮ್ಮ, ವಿಧವೆ, ವಯಸ್ಸು ಐವತ್ತೆರಡು. ಗದ್ದೆಯ ಮೂಲೆಯಲ್ಲಿದ್ದ ಅವಳ ಗುಡಿಸಲ ಹಿಂದೆ ಶಶಿಕಾಂತನ ಯಾರ್ಡಿನ ಗುರುತಿದ್ದ ಎರಡು ಬಕೆಟ್‌ಗಳು ಬೋರಲು ಬಿದ್ದಿದ್ದವು.

ಮಧ್ಯಾಹ್ನ 12.10ಕ್ಕೆ ದುರುಗಪ್ಪನನ್ನು ಯಾರ್ಡಿನಲ್ಲಿ ಬಂಧಿಸಲಾಯಿತು. ಅವನು ಓಡಲಿಲ್ಲ, ವಾದಿಸಲಿಲ್ಲ. ಶೆಡ್ಡಿನ ಕೀಲಿಯನ್ನು ಶಶಿಕಾಂತನ ಕೈಗಿಟ್ಟು ಜೀಪು ಹತ್ತಿದ. ಮಾಲೀಕನ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ. ಕಲಂ ಬದಲಾಯಿತು: 408, ನೌಕರನಿಂದ ನಂಬಿಕೆ ದ್ರೋಹ.

3.00ಕ್ಕೆ ಗದ್ದೆಯಲ್ಲೇ ಪಂಚನಾಮೆ. ಕದ್ದ ಮಾಲನ್ನು ಜಪ್ತಿ ಮಾಡಬೇಕು. ಮಾಲು ಪೈರಿನೊಳಗೆ ಸೇರಿಹೋಗಿದೆ. ಕೊಟ್ಟೂರಪ್ಪ ಪೆನ್ನು ಹಿಡಿದು ನಿಂತ. ಕೈಕೋಳದಲ್ಲಿದ್ದ ತಮ್ಮನನ್ನು ನೋಡಿದ ಗಾದೆಮ್ಮ ಅಳುವುದನ್ನೂ ಮರೆತು ಬದುವಿಗೆ ಅಡ್ಡ ನಿಂತಳು.

"ಯಪ್ಪಾ, ಪೈರು ಕಿತ್ತು ಒಯ್ತೀರೇನ್ರಿ?"

"ಇಲ್ಲವ್ವ. ಬಕೆಟ್ ಅಷ್ಟ ಒಯ್ತೀವಿ," ಎಂದ ಕೊಟ್ಟೂರಪ್ಪ.

ಠಾಣೆಯಲ್ಲಿ ಸುನಂದಾ ಹೇಳಿಕೆ ಪಡೆಯುತ್ತಿದ್ದಾಗ ಅಜರುದ್ದೀನ್ ಅಂಗಡಿಯ ಕೀಲಿಗಾಗಿ ಬಂದು ಬಾಗಿಲಲ್ಲಿ ನಿಂತಿದ್ದ. ದುರುಗಪ್ಪನನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ.

"ದುರುಗಣ್ಣಾ, ಕೇಳಿದ್ರ ನಾನ ಎರಡು ಬಕೆಟ್ ಕೊಡ್ತಿದ್ನಲ್ಲೋ. ನಾಲ್ಕು ದಿನ ನನ್ನ ಕಳ್ಳನ್ನ ಮಾಡಿ ಸುಮ್ಮನ ಕುಂತಿ."

ದುರುಗಪ್ಪ ಅಲ್ಲಿಯವರೆಗೆ ಅತ್ತಿರಲಿಲ್ಲ. ಈಗ ಮುಖ ಮುಚ್ಚಿಕೊಂಡ.

"ತಪ್ಪಾತಣ್ಣಾ. ಇನ್ನೊಂದು ವಾರ ತಡದ್ರ ಪೈರು ಗಟ್ಟಿ ಆಕ್ಕಿತ್ತು, ಆಮ್ಯಾಲೆ ಹೇಳಿದ್ರಾತು ಅಂದ್ಕೊಂಡೆ."

"ಗಾಡಿ ಕೆಡ್ತಾವ ಅಂತ ಗೊತ್ತಿದ್ದೂ ಯಾಕ ಮಾಡ್ದಿ?" ಸುನಂದಾ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅಕ್ಕನ ಹೊಲ ರಸ್ತಿ ಬದೀಗಿ ಐತ್ರಿ ಮೇಡಂ. ಹದಿನಾಲ್ಕು ವರ್ಷ ದಿನಕ್ಕ ನಾಲ್ಕು ಸಲ ಅದರ ಮುಂದ ಅದಿರು ಒಯ್ದೀನಿ. ಕೆಂಪು ಧೂಳು ಕುಂತು ಪ್ರತಿ ವರ್ಷ ತೆನಿ ಜೊಳ್ಳು. ಒಂದು ದಿನಾನೂ ಆಕಿ ಬೈಲಿಲ್ಲ. ಗಾಡಿ ಕಂಡ್ರ ಕೈ ಎತ್ತತಿದ್ಲು." ಅವನು ಮೂಗೊರೆಸಿಕೊಂಡ. "ನನ್ನ ಗಾಡಿ ಆಕಿ ಹೊಲಕ್ಕ ಧೂಳು ಬಿಟ್ರ ಏನೂ ಕೊಟ್ಟಿರಲಿಲ್ರಿ."

ಕೊಟ್ಟೂರಪ್ಪನ ಪೆನ್ನು ನಿಂತಿತು. "ಇದನ್ನೂ ಬರೀಲೇನ್ರಿ ಮೇಡಂ?"

"ಬರೀರಿ. ಅವ ಹೇಳಿದಂಗ ಬರೀರಿ."

ಅಜರುದ್ದೀನ್ ಕೀಲಿ ಪಡೆದು ರಿಜಿಸ್ಟರಿಗೆ ಸಹಿ ಮಾಡಿದ. ಸಮಯ 5.40. ಹೋಗುವ ಮೊದಲು ದುರುಗಪ್ಪ ಕುಳಿತಿದ್ದ ಬೆಂಚಿನ ಹತ್ತಿರ ನಿಂತು, "ಕೊಯ್ಲಿಗಿ ಆಳು ಬೇಕಾದ್ರ ಅಕ್ಕಗ ನನ್ನ ಅಂಗಡಿಗಿ ಬಾ ಅನ್ನು, ನಾನ ಕಳಿಸ್ತೀನಿ," ಎಂದು ಹೇಳಿ ಹೊರಟ.